ಥರ್ಮಾಮೀಟರ್ ಹಿಡಿದ ಬೀಗಿತ್ತಿ

ನಾನು ಮೂರನೆಯ ಕ್ಲಾಸಿನವರೆಗೆ ಓದಿದವಳು. ಆದರೂ ಇನ್ನೂರೈವತ್ತು ವರ್ಷದ ಹಿಂದೆ ಅಮೆರಿಕದಲ್ಲಿದ್ದ ಒಬ್ಬ ಚಿತ್ರಕಾರನ ಬಾಳು ನನಗೀಗ ಬಾಯಿಪಾಠ. ಕಲಿಸಿದವಳು ಮೊಮ್ಮಗಳು. ಹನ್ನೊಂದು ವರ್ಷದವಳು, ಇಲ್ಲೇ ಗಲ್ಫಿನಲ್ಲಿ, ಮಗನ ಮನೆಯಿರುವ ಖೈತಾನಿನ ಶಾಲೆಗೆ ಹೋಗುತ್ತಾಳೆ. ಇಷ್ಟು ಬರೆಯುವಾಗಲೇ ನನ್ನ ಎದೆ ಉಬ್ಬುತ್ತದೆ, ಏನು ಮಾಡಲಿ!

ಶಾಲೆಯವರು ಅವಳಿಗೆ ಕೊಟ್ಟ ಕೆಲಸ ಎರಡು. ಆ ಚಿತ್ರಕಾರನ ಜೀವನ ಬರೆಯಬೇಕು. ಮತ್ತೆ ಅವನ ಕ್ರಮದಲ್ಲೇ ಮನೆಯವರೊಬ್ಬರನ್ನು ಕೂರಿಸಿ ಚಿತ್ರ ಬಿಡಿಸಬೇಕು. ನಾನು ಬಸಳೆ ಸೋಸುತ್ತಿದ್ದೆ, ಅವಳು ಎದುರು ಕೂತು ಓದಿ ಹೇಳುತ್ತಿದ್ದಳು.

"ಅಜ್ಜಿ, ಅವನ ಮದರ್ ವಿಡೋ. ಹಾರ್ಬರ್ ಹತ್ರ ಅವಳದ್ದು ತಂಬಾಕಿನ ಶಾಪ್."

ನನ್ನ ಕೈ ನಿಂತಿತು. ನಾನೂ ಗಂಡ ತೀರಿದ ಮೇಲೆ ಬೀಡಿ ಕಟ್ಟಿಯೇ ಮಗನನ್ನು ಓದಿಸಿದವಳು. "ಹಾಗಾದ್ರೆ ಅವ ನಮ್ಮವನೇ ಅಲ್ವಾ ಮಗಾ!" ಎಂದೆ.

ಆ ಊರಿನಲ್ಲಿ ನೋಡಿ ಕಲಿಯಲು ದೊಡ್ಡ ಚಿತ್ರಗಳೇ ಇರಲಿಲ್ಲವಂತೆ. ಹಡಗಿನಲ್ಲಿ ಬರುತ್ತಿದ್ದ ಕಪ್ಪು ಅಚ್ಚಿನ ಚಿತ್ರಗಳನ್ನು ನೋಡಿಯೇ ಅವನು ಕಲಿತದ್ದು. ಮೀಸೆ ಚಿಗುರುವ ಮೊದಲೇ ಊರವರ ಮುಖ ಬಿಡಿಸಿ ತಾಯಿಯನ್ನೂ ತಮ್ಮನನ್ನೂ ಸಾಕಿದ. ಯಾರ ಕಸುಬು ಯಾವುದೋ ಅದನ್ನೇ ಅವರ ಕೈಗೆ ಕೊಟ್ಟು ಕೂರಿಸುತ್ತಿದ್ದ. ಬೆಳ್ಳಿ ಕೆಲಸದವನ ಕೈಯಲ್ಲಿ ಬೆಳ್ಳಿಯ ಪಾತ್ರೆ. ಬಣ್ಣ ಕಲಸುವ ಚೂರಿಯನ್ನು ಕೂತವರ ಕೆನ್ನೆಯ ಹತ್ತಿರ ಹಿಡಿದು, ಬಣ್ಣ ಚರ್ಮಕ್ಕೆ ಸರಿ ಹೊಂದುವ ತನಕ ಬಿಡುತ್ತಿರಲಿಲ್ಲ. ಒಂದು ಚಿತ್ರಕ್ಕೆ ಹತ್ತು ಹದಿನೈದು ಸಲ, ಗಂಟೆಗಟ್ಟಲೆ ಕೂರಬೇಕು. ದೊಡ್ಡ ದೊಡ್ಡವರೇ ಸಾಕಾಗಿ ಎದ್ದು ಹೋಗುತ್ತಿದ್ದರಂತೆ. ಕೊನೆಗೆ ಹಡಗು ಹತ್ತಿ ಲಂಡನ್ನಿಗೆ ಹೋದವನು ಊರಿಗೆ ತಿರುಗಿ ಬರಲೇ ಇಲ್ಲ.

"ಯಾಕೆ, ವೀಸಾ ಸಿಗ್ಲಿಲ್ವಾ?"

"ಅಜ್ಜೀ! ಅವನ ಊರಲ್ಲಿ ವಾರ್ ಶುರುವಾಯ್ತು."

ಇಷ್ಟೆಲ್ಲ ಕೇಳಿದ ಮೇಲೆ ಚಿತ್ರಕ್ಕೆ ಕೂರುವವಳು ನಾನೇ ಎಂದು ಗಟ್ಟಿ ಮಾಡಿಕೊಂಡು ಹಸಿರು ಸೀರೆಗೆ ಇಸ್ತ್ರಿ ಹಾಕಿದೆ. ಆದರೆ ಅವಳು ಹೇಳಿದಳು, "ನಾನು ಆಸ್ಪತ್ರೆ ಅಜ್ಜಿಯನ್ನು ಡ್ರಾ ಮಾಡ್ತೇನೆ. ಅವರ ಕೈಯಲ್ಲಿ ಥರ್ಮಾಮೀಟರ್ ಕೊಡ್ಬಹುದು. ನಿಮ್ಮ ಕೈಯಲ್ಲಿ ಎಂತ ಕೊಡೋದು?"

ಆಸ್ಪತ್ರೆ ಅಜ್ಜಿ ಎಂದರೆ ಸೊಸೆಯ ತಾಯಿ, ನನ್ನ ಬೀಗಿತ್ತಿ. ಮೂವತ್ತು ವರ್ಷದಿಂದ ಇಲ್ಲಿ ನರ್ಸು. ಅರಬಿ ಮಾತಾಡುತ್ತಾರೆ, ಕಾರು ಓಡಿಸುತ್ತಾರೆ. ಒಳ್ಳೆಯ ಹೆಂಗಸು. ಅದೇ ಕಷ್ಟ. ಕೆಟ್ಟವರಾಗಿದ್ದರೆ ನನ್ನ ಹೊಟ್ಟೆಯುರಿಗೆ ಸ್ವಲ್ಪ ಮರ್ಯಾದೆ ಇರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವರು ಬಂದು ಕಿಟಕಿಯ ಪಕ್ಕ ಕೂತರು. ನಾನು ಮೂರು ಸಲ ಚಹಾ ತಂದೆ. ಮೂರು ಸಲವೂ ಬೆಳಕಿಗೆ ಅಡ್ಡ ನಿಂತೆ.

"ಅಜ್ಜಿ, ಲೈಟ್!"

"ಮತ್ತೆ ಚಹಾ ಹಾರಿ ಬರ್ತದಾ?"

ಮುಖ ಮುಗಿಯುವಾಗ ಬೀಗಿತ್ತಿ ವಾಚು ನೋಡಿದರು. "ಖಲಾಸ್ ಪುಟ್ಟಿ, ನಂಗೆ ಡ್ಯೂಟಿ ಉಂಟು," ಎಂದು ಎದ್ದೇಬಿಟ್ಟರು. ಕೈ ಬಾಕಿಯಾಯಿತು. ಇಲ್ಲಿ ಶಾಲೆಗೆ ರಜೆ ಶುಕ್ರವಾರ, ಶನಿವಾರ; ಭಾನುವಾರ ಚಿತ್ರ ಕೊಡಬೇಕು. ಶನಿವಾರ ಎದ್ದ ಕೂಡಲೇ ಮಗು ತನ್ನ ಮನಸ್ಸಿನಿಂದಲೇ ಕೈ ಬಿಡಿಸಲು ಹೋಗಿ, ಬೆರಳು ಬಾಳೆಕಾಯಿಯ ಹಾಗಾಗಿ, ಅಳುತ್ತಾ ಕೂತಳು.

"ನನ್ನ ಕೈ ಇಲ್ವಾ?" ಎಂದೆ. ಪೂರ್ತಿ ಪ್ರೀತಿಯಿಂದ ಹೇಳಿದ ಮಾತಲ್ಲ ಅದು. ಅವರು ಎದ್ದು ಹೋದ ಜಾಗದಲ್ಲಿ ನಾನು ಕೂತು ತೋರಿಸಬೇಕಿತ್ತು.

ಬೆಳಿಗ್ಗೆ ಥರ್ಮಾಮೀಟರ್ ಹಿಡಿದು ಕೂತವಳು ಸಂಜೆ ಮಸೀದಿಯ ಬಾಂಗ್ ಕೇಳುವವರೆಗೆ ಅಲ್ಲಾಡಲಿಲ್ಲ. ಅವಳು ಬ್ರಷ್ಷನ್ನು ನನ್ನ ಗೆಣ್ಣಿನ ಹತ್ತಿರ ಹಿಡಿದು, ಬಣ್ಣ ಕಲಸಿ, ಮತ್ತೆ ಹಿಡಿದು ನೋಡಿದಳು. ಥೇಟ್ ಆ ಚಿತ್ರಕಾರನ ಹಾಗೆ! ಬೀಡಿ ಎಲೆಯ ಕತ್ತರಿ ಹಿಡಿದು ಜಡ್ಡುಗಟ್ಟಿದ ಹೆಬ್ಬೆರಳು, ಬಾಗಿದ ತೋರುಬೆರಳು, ಯಾವುದನ್ನೂ ಬಿಡಲಿಲ್ಲ. ಅಷ್ಟು ಹೊತ್ತು ನನ್ನ ಕೈಯನ್ನು ಯಾರು ನೋಡಿದ್ದಾರೆ? ಡಿಪೋದಲ್ಲಿ ಬೀಡಿ ಎಣಿಸಿಕೊಳ್ಳುವವನೂ ಬೀಡಿಯನ್ನೇ ನೋಡುತ್ತಿದ್ದ.

ಶಾಲೆಯ ಗೋಡೆಗೆ ಚಿತ್ರ ಹಾಕಿದ ದಿನ ಎಲ್ಲರೂ ಹೋದೆವು. ಬೀಗಿತ್ತಿ ಕನ್ನಡಕ ಏರಿಸಿ ನೋಡಿದರು.

"ಇದೆಂಥ ಮಾರಾಯ್ತಿ! ಥರ್ಮಾಮೀಟರನ್ನು ಹೀಗೆ ಯಾರಾದ್ರೂ ಹಿಡೀತಾರಾ? ಬೀಡಿ ಸುತ್ತಿದ ಹಾಗುಂಟು!"

ಆಗಲೇ ನನಗೂ ಕಂಡದ್ದು. ಎರಡು ಕೈಯ ಹೆಬ್ಬೆರಳು ಮೇಲೆ, ಉಳಿದವು ಕೆಳಗೆ, ನಡುವೆ ಆ ಗಾಜಿನ ಕಡ್ಡಿ. ಕೈಗೆ ಕಡ್ಡಿಯಂಥದ್ದು ಸಿಕ್ಕಿದ ಕೂಡಲೇ ಬೆರಳುಗಳು ತಮ್ಮ ಅಭ್ಯಾಸಕ್ಕೆ ಹೋಗಿದ್ದವು. ಮಗುವಿನ ಕೆಲಸ ಕೆಡಿಸಿದೆನಲ್ಲ ಎಂದು ಎರಡೂ ಕೈಯನ್ನು ಸೆರಗಿನೊಳಗೆ ಅಡಗಿಸಿದೆ. ಅಷ್ಟರಲ್ಲಿ ಟೀಚರು ಬಂದು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಮಗ ನನ್ನ ಕಿವಿಯಲ್ಲಿ, "ಎಲ್ಲಕ್ಕಿಂತ ಕೈ ಚೆನ್ನಾಗಿ ಬಂದಿದೆ ಅಂತಾರೆ ಅಮ್ಮಾ," ಎಂದ.

"ಈ ಕೈ ನಂದಲ್ಲ," ಎಂದರು ಬೀಗಿತ್ತಿ, ಸಣ್ಣ ಸ್ವರದಲ್ಲಿ.

"ನಂದು!" ಎಂದೆ. ಟೀಚರಿಗೆ ಕನ್ನಡ ಬಾರದು. ಹಾಗಾಗಿ ಎರಡೂ ಕೈ ಎತ್ತಿ ಅವರ ಮುಖದ ಮುಂದೆಯೇ ಹಿಡಿದೆ.

ವಾಪಸು ಬರುವಾಗ ಕಾರು ಓಡಿಸುತ್ತಿದ್ದ ಬೀಗಿತ್ತಿ ಸಿಗ್ನಲ್ಲಿನಲ್ಲಿ ಸ್ಟೇರಿಂಗಿನ ಮೇಲಿದ್ದ ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು. "ಪುಟ್ಟಿ, ಬರುವ ಶುಕ್ರವಾರ ನಾನು ರಜೆ ಹಾಕ್ತೇನೆ. ನನ್ನ ಕೈಯನ್ನೂ ಬಿಡಿಸ್ತೀಯಾ?"

ಹಿಂದಿನ ಸೀಟಿನಲ್ಲಿ ನಾನು ಸೆರಗು ಬಾಯಿಗೊತ್ತಿ ನಕ್ಕೆ. ಆದರೂ ಚಿತ್ರದ ಮುಖ ಅವರದೇ, ಅದೊಂದು ಇನ್ನೂ ಉರಿಯುತ್ತದೆ. ಶುಕ್ರವಾರ ಬರಲಿ, ಚಹಾ ಖಂಡಿತ ಕೊಡುತ್ತೇನೆ. ಬೆಳಕಿಗೆ ಅಡ್ಡ ನಿಲ್ಲುವುದಿಲ್ಲ ಎಂದು ಮಾತ್ರ ಹೇಳಲಾರೆ.