ಚಿತ್ರದಲ್ಲಿಲ್ಲದ ಜುಗೂಳದ ಮನೆ

ಕಬ್ಬು ಕಡಿದು ಹೋದ ಮೇಲೆ ಅಲಖನೂರಿನ ನಮ್ಮ ಹೊಲದಲ್ಲಿ ಜುಗೂಳದ ಒಂದು ಕುಟುಂಬ ಪ್ರತಿವರ್ಷ ಕುರಿ ನಿಲ್ಲಿಸುತ್ತದೆ. ಗೊಬ್ಬರ ನಮಗೆ; ಜೋಳ, ಒಂದಿಷ್ಟು ರೊಕ್ಕ ಅವರಿಗೆ. ಕುರಿ ಇರುವಷ್ಟು ದಿನ ಅವರು ಅಲ್ಲೇ ಮಲಗಬೇಕು, ಇಲ್ಲದಿದ್ದರೆ ತೋಳವೋ ಕಳ್ಳನೋ ಬರುತ್ತಾನೆ. ಇದು ಕೆಲಸ. ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವನನ್ನು ಯಾರೂ ಮನೆಯಿಲ್ಲದವನು ಅನ್ನುವುದಿಲ್ಲ.

ಆದರೆ ಸಾಕ್ಷ್ಯಚಿತ್ರ ಮಾಡಲು ಬಂದು ನಮ್ಮಲ್ಲೇ ಇಳಿದುಕೊಂಡು, ನಮ್ಮವ್ವನ ರೊಟ್ಟಿ ತಿಂದು ಹೋದ ಸಿನಿಮಾದವನು ಆ ಕುಟುಂಬದ ಹುಡುಗಿಯನ್ನು ಮನೆಯಿಲ್ಲದವಳನ್ನಾಗಿ ಮಾಡಿದ. ಪಿಯುಸಿ ಓದುತ್ತಿದ್ದವಳು, ಹಬ್ಬದ ರಜೆಗೆಂದು ಅಪ್ಪನ ಹತ್ತಿರ ಬಂದಿದ್ದಳು. ಚಿತ್ರದಲ್ಲಿ ಅವಳು ಕುರಿಗಳ ಸುತ್ತ ಕಟ್ಟಿದ ಬಲೆಯ ಪಕ್ಕ ಕೂತು “ನಾವು ಇಲ್ಲೇ ಮಲಗತೀವ್ರಿ” ಅನ್ನುತ್ತಾಳೆ. ಹಿಂದೆ ಪಿಟೀಲು. ಅದಕ್ಕೆ ಪರದೇಶದಲ್ಲಿ ಬಹುಮಾನ ಬಂತು. ಅವನಿಗೆ ಮುಂದಿನ ಚಿತ್ರಕ್ಕೆ ಬಂಡವಾಳವೂ ಸಿಕ್ಕಿತು.

ಅದನ್ನು ತೆಗೆಯುವಾಗ ನಾನೂ ಅವ್ವನೂ ಅಲ್ಲೇ ಇದ್ದೆವು. ನನಗೆ ನೆನಪಿರುವಂತೆ ಅವಳ ಮಾತು ಅಲ್ಲಿಗೇ ನಿಂತಿರಲಿಲ್ಲ. ಈ ಹೊಲದಿಂದ ಕುರಿ ಎದ್ದ ಮೇಲೆ ಊರಿಗೆ ಹೋಗುತ್ತೇವೆ, ಮನೆಗೆ ಈಗಷ್ಟೇ ಸ್ಲ್ಯಾಬ್ ಹಾಕಿಸಿದ್ದೇವೆ ಎಂದು ನಕ್ಕಿದ್ದಳು. ನಿಜವಾಗಿಯೂ ನಕ್ಕಿದ್ದಳೇ? ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದೇ ನೆನಪನ್ನು ನಂಬಬಾರದು ಎಂಬುದನ್ನು. ಸಿಟ್ಟಿನಲ್ಲಿ ಆ ನಗುವನ್ನು ನಾನೇ ಸೇರಿಸಿರಬಹುದು. ಅವ್ವನನ್ನು ಕೇಳಿದೆ. ನಗು ಅವ್ವನಿಗೆ ನೆನಪಿಲ್ಲ, ಸ್ಲ್ಯಾಬಿನ ಮಾತು ಚೆನ್ನಾಗಿ ನೆನಪಿದೆ. ಸಿಮೆಂಟು ಯಾವುದೆಂದು ಅವ್ವನೇ ವಿಚಾರಿಸಿದ್ದಳಂತೆ. ಕತ್ತರಿಸಿದ ಭಾಗ ಕಳಿಸು ಎಂದು ಸಿನಿಮಾದವನಿಗೆ ಫೋನ್ ಮಾಡಿದೆ. ಅದನ್ನು ಅವನು ಇಟ್ಟುಕೊಂಡಿಲ್ಲವಂತೆ. ಅವಳ ಅಪ್ಪ ಒಪ್ಪಿದ್ದನಲ್ಲ ಎಂದ. ಒಪ್ಪಿದ್ದು ಹೌದು. ಮಗಳನ್ನು ತೋರಿಸಲು ಒಪ್ಪಿದ್ದ, ಮನೆ ಕೆಡವಲು ಅಲ್ಲ.

ಆ ತುಣುಕು ಮೊಬೈಲಿನಿಂದ ಮೊಬೈಲಿಗೆ ಹೋಗಿ ಅವಳ ಕಾಲೇಜು ಮುಟ್ಟಿತು. ತರಗತಿಯ ಹುಡುಗಿಯರು ಹಳೆಯ ಬಟ್ಟೆ ಕೂಡಿಸಿ, ಎಲ್ಲರೆದುರು ಅವಳ ಬೆಂಚಿನ ಮೇಲೆ ಇಟ್ಟರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಮರುದಿನದಿಂದ ಅವಳು ಕಾಲೇಜಿಗೆ ಹೋಗಲಿಲ್ಲ.

ಈ ವರ್ಷ ಅವನೇ ಫೋನ್ ಮಾಡಿದ. ಹುಡುಗಿ ಓದು ಬಿಟ್ಟಳೆಂದು ಕೇಳಿ ಬಹಳ ನೋವಾಯಿತಂತೆ. ಅದರ ಮೇಲೆ ಎರಡನೆಯ ಭಾಗ ಮಾಡುತ್ತಾನಂತೆ. ಹೊಲಕ್ಕೆ ಹೋಗಿ ಅವಳ ಅಪ್ಪನಿಗೆ ಹೇಳಿದೆ. ಬಂದವರನ್ನು ಚಹಾ ಕುಡಿಸದೆ ಕಳಿಸದ ಮನುಷ್ಯ ಆತ. ತಂಬಾಕು ತಿಕ್ಕುತ್ತಾ ಕೇಳಿಸಿಕೊಂಡ.

“ಮನಿ ಇಲ್ಲದವ್ರ ಕಡೆ ಚಾ ಎಲ್ಲಿಂದ ಬರಬೇಕ್ರಿ ಸಾವಕಾರ್ರ? ಬರಬ್ಯಾಡ ಅನ್ರಿ ಅವಗ.”

ಆ ಮಾತನ್ನು ಸಿನಿಮಾದವನಿಗೆ ಫೋನಿನಲ್ಲಿ ಹಾಗೇ ಮುಟ್ಟಿಸಿದೆ. ಅವನು, ಇದೇ ಮಾತನ್ನು ಕ್ಯಾಮೆರಾ ಎದುರು ಹೇಳುತ್ತಾರಾ ಎಂದು ಕೇಳಿದ.