ತುಂಬದೆ ಬಿಟ್ಟ ಐದನೇ ಪಾಲು

ಮಾವಶಿಗೆ ಹುಬ್ಬುಗಳಿರಲಿಲ್ಲ. ದಿನಾ ಬೆಳಿಗ್ಗೆ ಕಾಡಿಗೆ ಪೆನ್ಸಿಲಿನಿಂದ ಎರಡು ಗೆರೆ ಎಳೆದುಕೊಂಡು ಕೆಲಸಕ್ಕೆ ಬರುತ್ತಿದ್ದರು. ಎಡಗಡೆಯದು ಯಾವಾಗಲೂ ತುಸು ಮೇಲೆ. ಹಾಗಾಗಿ ಎದುರಿಗೆ ನಿಂತವರು ಏನೇ ಹೇಳಿದರೂ ಅವರು ನಂಬುತ್ತಿಲ್ಲವೇನೋ ಅನ್ನಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಎರಡೂ ಅಳಿಸಿ, ಮುಖ ತೊಳೆದಿಟ್ಟ ತಾಟಿನ ಹಾಗೆ ಕಾಣುತ್ತಿತ್ತು.

ನಿಗಡಿಯಾಚೆ, ಪರವಾನಗಿ ಪಡೆದು ಸಣ್ಣ ಸಿಲಿಂಡರುಗಳಿಗೆ ಗ್ಯಾಸ್ ತುಂಬಿಕೊಡುವ ಒಂದು ಅಂಗಳವಿದೆ. ಅಲ್ಲಿ ಅವರದು ತೂಕ ಮಾಡಿ ತುಂಬುವ ಕೆಲಸ. ಪುಣೆಯಲ್ಲಿ ದುಡಿಯುವ ವಯಸ್ಸಾದ ಹೆಂಗಸರೆಲ್ಲ ಮಾವಶಿಯೇ, ಅಂದರೆ ಮರಾಠಿಯ ಚಿಕ್ಕಮ್ಮ, ಇವರನ್ನೂ ಎಲ್ಲರೂ ಹಾಗೇ ಕರೆಯುತ್ತಿದ್ದರು. ಬೈಲಹೊಂಗಲ ಕಡೆಯವರು ಎಂದು ನನಗೆ ಗೊತ್ತಾಗಿದ್ದು ಮೊದಲ ದಿನವೇ. ನಾನು ಫೋನಿನಲ್ಲಿ ನಮ್ಮವರ ಜೊತೆ ಧಾರವಾಡದ ಕನ್ನಡದಲ್ಲಿ ಜಗಳ ಆಡುತ್ತಲೇ ಗೇಟು ದಾಟಿದೆ. ಒಳಗಿನಿಂದ ಕನ್ನಡದಲ್ಲೇ ಹುಕುಂ ಬಂತು.

“ಜಗಳಾ ಹೊರಗ ಮುಗಿಸಿ ಬರ್ರಿ ಬಾಯಾರ. ಫೋನ್ ಆ ಬಕೀಟಿನ್ಯಾಗ ಇಡ್ರಿ.”

ಗೇಟಿನ ಬಳಿ ಒಂದು ಪ್ಲಾಸ್ಟಿಕ್ ಬಕೆಟ್ಟು ಇತ್ತು. ಅಂಗಳದ ಸಾಹೇಬರೇ ಬಂದರೂ ಫೋನು ಅದರೊಳಗೆ ಇಟ್ಟೇ ಮುಂದೆ ಬರಬೇಕು.

ನಮ್ಮದು ಬಾಡಿಗೆಗೆ ಕೊಡುವ ಕ್ಯಾರವಾನ್. ಹಳೆಯ ವ್ಯಾನಿನೊಳಗೆ ಹಾಸಿಗೆ, ನೀರಿನ ತೊಟ್ಟಿ, ಗ್ಯಾಸ್ ಒಲೆ ಕೂಡಿಸಿ ಓಡಾಡುವ ಮನೆ ಮಾಡಿದ್ದೆವು. ಹಿಂಜವಾಡಿಯ ಕಂಪನಿಗಳ ಮಂದಿ ಶನಿವಾರ, ಭಾನುವಾರ ಒಯ್ಯುತ್ತಿದ್ದರು. ಹೀಗಾಗಿ ವಾರಕ್ಕೊಮ್ಮೆ ನಾನು ಸಿಲಿಂಡರ್ ಹಿಡಿದು ಮಾವಶಿಯ ಮುಂದೆ ಹಾಜರು.

ಅವರ ಕೆಲಸಕ್ಕೊಂದು ಕ್ರಮವಿತ್ತು. ಮೊದಲು ಸಿಲಿಂಡರನ್ನು ಮಗುವಿನ ಹಾಗೆ ಸುತ್ತಲೂ ತಿರುಗಿಸಿ ನೋಡುವರು. ನೆಗ್ಗಿದ್ದರೆ, ತಪಾಸಣೆಯ ವರ್ಷ ದಾಟಿದ್ದರೆ ಮುಟ್ಟುತ್ತಿರಲಿಲ್ಲ. ಆಮೇಲೆ ಖಾಲಿ ತೂಕ ಮಾಡಿ, ಕೊರಳಿನ ಮೇಲೆ ಒತ್ತಿದ ಅಂಕಿಗೆ ತಾಳೆ ನೋಡಿ, ಗಟ್ಟಿಯಾಗಿ ಓದಿ ಹೇಳಿ, ಗ್ಯಾಸ್ ಬಿಡುವರು. ಕೊನೆಗೆ ತೀರಿಹೋದ ಗಂಡನ ದಾಡಿಯ ಬ್ರಶ್ಶಿನಿಂದ ಬಾಯಿಗೆಲ್ಲ ಸೋಪಿನ ನೊರೆ ಬಳಿದು, ಗುಳ್ಳೆ ಏಳುತ್ತದೆಯೋ ಎಂದು ಇಪ್ಪತ್ತು ಎಣಿಸುವರು. ಎಣಿಕೆ ಮುಗಿಯುವ ತನಕ ಯಾರೂ ಮಾತಾಡುವ ಹಾಗಿಲ್ಲ. ಮುಚ್ಚಳ ಬಿಗಿದ ಮೇಲೆ ಸಿಲಿಂಡರಿನ ಬೆನ್ನು ತಟ್ಟಿ, “ನಿಂತ್ಕೊಂಡು ಹೋಗು, ಮಲ್ಕೋಬ್ಯಾಡ” ಎನ್ನುತ್ತಿದ್ದರು. ಹೇಳುತ್ತಿದ್ದುದು ನನಗೆ, ನೋಡುತ್ತಿದ್ದುದು ಅದನ್ನು.

ಒಮ್ಮೆ ಒಬ್ಬ ಗಿರಾಕಿ ತುಕ್ಕು ತಿಂದ ಸಿಲಿಂಡರ್ ತಂದು ತುಂಬಿಕೊಡಲೇಬೇಕೆಂದು ಕೂಗಾಡಿದ. ಮಾವಶಿ ಅದನ್ನು ನೆಲಕ್ಕಿಟ್ಟು, ಅದರ ಮೇಲೇ ಕುಳಿತು, ಡಬ್ಬಿ ಬಿಚ್ಚಿ ಭಾಕರಿ ಪಲ್ಯ ತಿನ್ನತೊಡಗಿದರು. ಊಟ ಮುಗಿದರೂ ಏಳಲಿಲ್ಲ. ಅವನೇ ಸೋತು ಹೊಸದು ಕೊಡಿ ಎಂದ. ನಾನು ನಕ್ಕು ನಕ್ಕು ಸಾಕಾದೆ. ಅಂಥ ಹೆಂಗಸನ್ನು ನಾನು ಕಳ್ಳಿ ಎಂದು ಕರೆದೆ.

ನನ್ನ ಸ್ವಭಾವವೇ ಹಾಗೆ. ಒಂದು ವಿಡಿಯೋ ನೋಡಿದರೆ ಸಾಕು, ಎಲ್ಲ ತಿಳಿದವಳ ಹಾಗೆ ಆಡುತ್ತೇನೆ. ಗ್ಯಾಸು ಬೇಗ ಮುಗಿಯಿತು ಎಂದು ಒಬ್ಬ ಗಿರಾಕಿ ಗೊಣಗಿದ ವಾರ, ಸಿಲಿಂಡರಿನಲ್ಲಿ ಎಷ್ಟಿದೆ ಎಂದು ನೋಡುವ ಉಪಾಯ ಫೋನಿನಲ್ಲಿ ಕಂಡಿತು. ಒದ್ದೆ ಬಟ್ಟೆಯಿಂದ ಒರೆಸಬೇಕು. ಗ್ಯಾಸು ಇರುವ ಮಟ್ಟದ ತನಕ ತಂಪಾಗಿ, ಒದ್ದೆ ನಿಧಾನ ಆರುತ್ತದೆ. ಒರೆಸಿದೆ. ಮೇಲಿನ ಐದನೇ ಒಂದು ಪಾಲು ಚಕ್ಕನೆ ಆರಿಬಿಟ್ಟಿತು, ಅಂದರೆ ಅಷ್ಟು ಖಾಲಿ. ಮುಂದಿನ ವಾರವೂ ಅಷ್ಟೇ, ಅದರ ಮುಂದಿನ ವಾರವೂ ಅಷ್ಟೇ. ಕದಿಯುವುದರಲ್ಲೂ ಎಂಥ ಶಿಸ್ತು ಎಂದುಕೊಂಡೆ. ಒಂದು ಮಾತು ಅವರನ್ನೇ ಕೇಳಬಹುದಿತ್ತು. ಕೇಳಲಿಲ್ಲ. ನೆಟ್ಟಗೆ ಸಾಹೇಬರಿಗೆ ಪತ್ರ ಬರೆದೆ, ನಿಮ್ಮ ಮಾವಶಿ ತೂಕದಲ್ಲಿ ಮೋಸ ಮಾಡುತ್ತಾಳೆ ಎಂದು. ಅದನ್ನೇ ಕ್ಯಾರವಾನ್ ಮಾಲೀಕರ ವಾಟ್ಸಾಪ್ ಗುಂಪಿಗೂ ಹಾಕಿದೆ.

ಸಾಹೇಬರು ಫೋನ್ ಮಾಡಿ ಅದು ಹಾಗಲ್ಲ ಮೇಡಂ ಎಂದು ಶುರು ಮಾಡಿದರು. ನನಗೆ ಪಾಠ ಹೇಳಬೇಡಿ ಎಂದು ಇಟ್ಟುಬಿಟ್ಟೆ. ಗುಂಪಿನಲ್ಲಿ ಹತ್ತಾರು ಗಾಡಿಯವರಿದ್ದರು. ಅವರೂ ಒಬ್ಬೊಬ್ಬರಾಗಿ, ಮಾವಶಿ ತೂಕಕ್ಕೆ ಕೂತರೆ ನಾವು ಬರುವುದಿಲ್ಲ ಎಂದರಂತೆ. ಸಾಹೇಬರಿಗೆ ಸತ್ಯ ಗೊತ್ತಿತ್ತು, ಆದರೆ ಗಿರಾಕಿಗಳು ಬೇಕಾಗಿದ್ದರು. ಮಾವಶಿಯನ್ನು ತೂಕದಿಂದ ಎಬ್ಬಿಸಿ ಹಿಂದಿನ ಶೆಡ್ಡಿಗೆ, ತುಕ್ಕು ಉಜ್ಜುವ ಕೆಲಸಕ್ಕೆ ಹಾಕಿದರು.

ನಾನು ಗಲ್ಲಿಯೊಳಗೆ ಕದ್ದು ಗ್ಯಾಸ್ ತುಂಬುವ ಒಬ್ಬನನ್ನು ಹುಡುಕಿಕೊಂಡೆ. ತೂಕವಿಲ್ಲ, ನೊರೆಯಿಲ್ಲ. ಮನೆಯ ದೊಡ್ಡ ಸಿಲಿಂಡರನ್ನು ತಲೆಕೆಳಗು ಮಾಡಿ, ಪೈಪು ಸಿಕ್ಕಿಸಿ, ಕಂಠಮಟ್ಟ ತುಂಬಿಕೊಟ್ಟ. ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದೆ. ಕೊರಳಿನ ತನಕ ಒದ್ದೆ. ಗೆದ್ದೆ ಎಂದುಕೊಂಡೆ!

ಅದೇ ಸಿಲಿಂಡರ್ ಇಟ್ಟುಕೊಂಡು, ಮೇ ತಿಂಗಳ ಬಿಸಿಲಿನಲ್ಲಿ, ಇಬ್ಬರು ಮಕ್ಕಳ ಒಂದು ಸಂಸಾರ ಭೋರ್ ಎಂಬ ಊರಿನ ಕಡೆ ಹೋಯಿತು. ಮಧ್ಯಾಹ್ನ ಗಾಡಿ ನಿಲ್ಲಿಸಿ ಮಕ್ಕಳು ಒಳಗೆ ಮಲಗಿದ್ದಾಗ ಸಿಲಿಂಡರು ಸುಯ್ಯೆಂದು ಗ್ಯಾಸ್ ಕಕ್ಕತೊಡಗಿತು. ಒಲೆ ಹೊತ್ತಿಸಿರಲಿಲ್ಲ, ಅದೊಂದೇ ಪುಣ್ಯ. ತಂದೆ ಮಕ್ಕಳನ್ನು ಎಳೆದುಕೊಂಡು ಹೊಲಕ್ಕೆ ಓಡಿದನಂತೆ. ಆಮೇಲೆ ನನಗೆ ಫೋನ್ ಮಾಡಿದ. ಬೆಂಗಳೂರಿನ ಹುಡುಗ.

“ಮೇಡಂ, ಫುಲ್ ತುಂಬ್ಸಿದ್ದಾರಂತೆ. ಬಿಸಿಗೆ ಉಬ್ಬೋಕೆ ಒಳಗಡೆ ಜಾಗಾನೇ ಇರ್ಲಿಲ್ಲ ಅಂತಿದ್ದಾರೆ ಇಲ್ಲಿ ಗ್ಯಾರೇಜ್‌ನೋರು. ಯಾರ್ ಮೇಡಂ ತುಂಬ್ಸಿದ್ದು?”



ಮರುದಿನ ಅಂಗಳಕ್ಕೆ ಹೋದೆ. ಮಾವಶಿ ಹಿಂದಿನ ಶೆಡ್ಡಿನಲ್ಲಿ ತಂತಿ ಬ್ರಶ್ಶಿನಿಂದ ಸಿಲಿಂಡರ್ ಉಜ್ಜುತ್ತಿದ್ದರು. ಮೈಯೆಲ್ಲ ತುಕ್ಕಿನ ಪುಡಿ. ನಿಂತೇ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಬ್ರಶ್ಶು ಕೆಳಗಿಟ್ಟು ಕೇಳಿದ್ದು ಒಂದೇ.

“ಹುಡುಗ್ರು ಆರಾಮ ಅದಾವಿಲ್ರಿ?”

ಆರಾಮ ಇದ್ದಾರೆ ಎಂದೆ. ಆಮೇಲೆ ಅವರು, ಸಣ್ಣ ಮಗುವಿಗೆ ತಿಳಿಹೇಳುವಂತೆ ಹೇಳಿದರು.

“ಹಾಲು ಕಾಸೂ ಮುಂದ ಬೋಗಾಣಿ ತುಂಬ ಹಾಕ್ತೀರೇನ್ರಿ ಬಾಯಾರ? ಉಕ್ಕಾಕ ಜಾಗಾ ಬಿಡ್ತೀರಿಲ್ಲೋ? ಇದೂ ಹಂಗ. ನನ್ನ ಹುಬ್ಬು ಸುಟ್ಟು ಹೋಗಿದ್ದೂ ಹಿಂಗ ಒಬ್ಬಾಂವ ಕಂಠಮಟ್ಟ ತುಂಬಿಸಿದ್ದು ಹೊತ್ಕೊಂಡಾಗರಿ.”

ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಪ್ಪಾಯಿತು ಮಾವಶಿ ಎಂದೆ. ಅವರು ಬಹಳ ಸಂಕೋಚದಿಂದ, ಬೇರೆಯವರದೇನೋ ಕೇಳುವಂತೆ ಕೇಳಿದರು.

“ಸಾಹೇಬ್ರಿಗೆ ಎರಡು ಅಕ್ಷರ ಬರದು ಕೊಡ್ರಿ. ಇಲ್ಲಿ ಹುಡುಗ್ರು ನಾ ಬಂದ್ರ ಚೀಲಾ ಮುಚ್ಚಿಡ್ತಾರ. ನಗಚಾಟಕ್ಕರಿ. ಆದ್ರೂ ಮನಸಿಗೆ ಹತ್ತತೈತಿ.”

“ನಾಳೆನ ಬರದು ಕಳಸ್ತೀನ್ರಿ” ಎಂದೆ. ಆ ಕ್ಷಣಕ್ಕೆ ಅದು ಸುಳ್ಳಾಗಿರಲಿಲ್ಲ.

ಮನೆಗೆ ಬಂದು ಕುಳಿತಾಗ ಲೆಕ್ಕಾಚಾರ ಶುರುವಾಯಿತು. ಮಾವಶಿ ತಪ್ಪಿಲ್ಲ ಎಂದು ಬರೆಯಬೇಕಾದರೆ, ನನಗೆ ಅದು ಹೇಗೆ ಗೊತ್ತಾಯಿತು ಎಂದೂ ಬರೆಯಬೇಕು. ಗಲ್ಲಿಯಲ್ಲಿ ಕದ್ದು ತುಂಬಿಸಿದ ಗ್ಯಾಸನ್ನು ಮಕ್ಕಳಿದ್ದ ಗಾಡಿಯಲ್ಲಿ ಇಟ್ಟೆ ಎಂದು ನನ್ನ ಕೈಯಾರೆ ಬರೆದರೆ ಗುಂಪಿನಲ್ಲಿ ಹಬ್ಬುತ್ತದೆ, ಗಾಡಿ ಯಾರೂ ಒಯ್ಯುವುದಿಲ್ಲ. ಸ್ವಲ್ಪ ದಿನ ಹೋಗಲಿ ಎಂದುಕೊಂಡೆ. ವಾರಗಳಾದವು, ತಿಂಗಳುಗಳಾದವು. ಸಿಲಿಂಡರು ಮತ್ತೆ ಆ ಅಂಗಳಕ್ಕೇ ಹೋಗುತ್ತಿತ್ತು, ಆದರೆ ಡ್ರೈವರನ ಕೈಯಲ್ಲಿ. ಮಾವಶಿ ಏನಾದರೂ ಕೇಳಿದರೇ ಎಂದು ನಾನು ಅವನನ್ನು ವಿಚಾರಿಸುತ್ತಿದ್ದೆ. ನಮಸ್ಕಾರ ಹೇಳೆಂದರು ಎನ್ನುತ್ತಿದ್ದ. ಅಷ್ಟೇ.

ಮಾವಶಿ ಹೋದ ಸುದ್ದಿ ತಂದವನೂ ಅವನೇ. ಮೂರು ದಿನದ ಜ್ವರವಂತೆ. ಕೊನೆಯ ವಾರದ ತನಕ ತುಕ್ಕು ಉಜ್ಜಿದ್ದರು.

ಅವರ ಮನೆಯವರನ್ನು ಮಾತಾಡಿಸಿ ಬರಲು ಹೋದೆ. ಎರಡು ಕೋಣೆಯ ಮನೆ, ಚಾಪೆಯ ಮೇಲೆ ನಾಲ್ಕಾರು ಹೆಂಗಸರು. ಶಾಲೆಯಲ್ಲಿ ಕೆಲಸ ಮಾಡುವ ಮಗಳು ನಾನು ಯಾರೆಂದು ತಿಳಿದೊಡನೆ ಎದ್ದು ಬಂದು ನನ್ನ ಕಾಲು ಮುಟ್ಟಿದಳು. ನಾನು ಹಿಂದೆ ಸರಿದೆ.

“ಅವ್ವ ನಿಮ್ಮ ಬಗ್ಗೆ ಭಾಳ ಹೇಳ್ತಿದ್ಲ್ರಿ. ಮೊದ್ಲು ತಪ್ಪು ತಿಳ್ಕೊಂಡ್ರಂತ. ಆಮ್ಯಾಲೆ ನೀವ ಸಾಹೇಬ್ರಿಗೆ ಎರಡನೇ ಪತ್ರ ಬರದು ಅಕಿ ಹೆಸರು ಉಳಿಸಿದ್ರಂತಲ್ರಿ. ತೂಕಕ್ಕ ಮತ್ತ ಕರದ್ರು, ಕಣ್ಣು ಮಂಜಾಗ್ಯಾವು ಅಂತ ನಾನ ಒಲ್ಲೆ ಅಂದೆ, ಅಂತಿದ್ಲು.”

ಹೆಂಗಸರೆಲ್ಲ ನನ್ನತ್ತ ಮೆಚ್ಚುಗೆಯಿಂದ ನೋಡಿದರು. ಮಗಳ ಮುಂದೆ ತಾನು ಕಳ್ಳಿಯಲ್ಲ ಎನ್ನಲು ಮಾವಶಿಗೆ ಒಂದು ಪತ್ರ ಬೇಕಾಗಿತ್ತು. ನಾನು ಕೊಡಲಿಲ್ಲ. ಅವರೇ ಮಾಡಿಕೊಂಡರು.

“ಆ ಪತ್ರದ್ದು ಒಂದು ಪ್ರತಿ ಇದ್ರ ಕೊಡ್ತೀರೇನ್ರಿ? ಮಂದಿ ಇನ್ನೂ ಏನೇನೋ ಅಂತಾರ. ತೋರಸಾಕ ಆಕ್ಕೈತಿ” ಎಂದಳು ಮಗಳು.

ಆಗಲಾದರೂ ಹೇಳಬೇಕಿತ್ತು. “ಹುಡುಕಿ ತಂದು ಕೊಡ್ತೀನವಾ” ಎಂದೆ.

ಮನೆಗೆ ಬಂದು, ಕೈಕಾಲು ಸಹ ತೊಳೆಯದೆ ಬರೆಯಲು ಕುಳಿತೆ. ಒದ್ದೆ ಬಟ್ಟೆ, ಗಲ್ಲಿ, ಭೋರ್ ದಾರಿಯ ಮಕ್ಕಳು, ಒಂದನ್ನೂ ಬಿಡಲಿಲ್ಲ. ಎರಡು ಪುಟವಾಯಿತು. ಎಂಟು ತಿಂಗಳು ಆಗದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಸಹಿ ಮಾಡಿ, ತಾರೀಕು ಹಾಕಲು ಹೋದವಳ ಕೈ ನಿಂತಿತು. ಮಾವಶಿ ಕೇಳಿದಾಗಿನದು ಹಾಕಿದರೆ ನಾನು ಸುಳ್ಳಿ. ಇವತ್ತಿನದು ಹಾಕಿದರೆ, ಮಗಳ ಎದುರು ಮಾವಶಿ ಸುಳ್ಳಿಯಾಗುತ್ತಾರೆ.