ಬಕಲ್ ಇರುವ ಚಪ್ಪಲಿ

ಬಕಲ್ ಅಜ್ಜಿ ಇವತ್ತು ಬಂದುಬಿಟ್ಟರೆ? ಮಗುವಿನ ಹಣೆ ಮುಟ್ಟಿ ನೋಡುವಾಗಲೂ, ಬಸ್ಸಿನಲ್ಲಿ ಜೋತುಬಿದ್ದು ನಿಂತಾಗಲೂ ಮೈಕಮ್ಮನಿಗೆ ಇದೊಂದೇ ಚಿಂತೆ. ಮಗುವಿಗೆ ಹಲ್ಲು ಬರುವ ಜ್ವರ, ನೋಡಿಕೊಳ್ಳಲು ಅತ್ತೆ ಇದ್ದರು. ಆ ಚಿಂತೆಗಾದರೂ ಔಷಧಿ ಇತ್ತು. ಇದಕ್ಕೆ ಏನಿದೆ? ಅವಳು ಕೆಲಸ ಮಾಡುವ ಸ್ಮಾರಕದೊಳಗೆ ತಿಂಗಳಿಗೊಮ್ಮೆ ಟಿಕೆಟ್ ಇಲ್ಲದೆ ಬಿಡುವ ದಿನ ಅಜ್ಜಿ ತಪ್ಪಿಸುವವರೇ ಅಲ್ಲ, ಇವತ್ತು ಆ ದಿನ.

ಕತ್ತಿಗೆ ಸದಾ ಮೈಕು ತೂಗುಹಾಕಿಕೊಂಡಿರುತ್ತಾಳೆಂದು ಜೊತೆಯವರು ಇಟ್ಟ ಹೆಸರು ಮೈಕಮ್ಮ. ಹಿಂದೊಮ್ಮೆ ಬೆಂಕಿಗೆ ಆಹುತಿಯಾದ ಸಿದ್ಧ ಉಡುಪು ಕಾರ್ಖಾನೆಯನ್ನು ನೋಡಲು ಬಂದವರನ್ನು ಸುತ್ತಾಡಿಸಿ ಎಲ್ಲ ವಿವರಿಸುವುದು ಅವಳ ಕೆಲಸ. ಒಳಗೆ ಮಸಿ ಹಿಡಿದ ಗೋಡೆಗಳು, ಕರಗಿ ಮುದ್ದೆಯಾದ ಹೊಲಿಗೆ ಯಂತ್ರಗಳು. ಬಾಗಿಲ ಹೊರಗೆ ಹಲಗೆಯ ಮೇಲೆ ಹೆಂಗಸರ ಚಪ್ಪಲಿಗಳ ಸಾಲು. ಬಟ್ಟೆಗೆ ಧೂಳು ಹತ್ತೀತೆಂದು ಚಪ್ಪಲಿ ಹೊರಗೇ ಬಿಡಬೇಕೆಂಬುದು ಕಾರ್ಖಾನೆಯ ಕಟ್ಟಪ್ಪಣೆಯಾಗಿತ್ತು. ಒಳಗೆ ಹೋದವರು ಸುಟ್ಟುಹೋದರು, ಚಪ್ಪಲಿಗಳು ಉಳಿದವು. ಬಂದವರು ಅಳುವುದು ಗೋಡೆ ನೋಡಿ ಅಲ್ಲ, ಇವುಗಳನ್ನು ನೋಡಿ.

ಹಾಗಂತ ಎಲ್ಲರೂ ಅಳುವುದಿಲ್ಲ.

"ಇಷ್ಟೇನಾ ಮೇಡಂ? ಫೋಟೋದಲ್ಲಿ ದೊಡ್ಡದಾಗಿ ಕಾಣ್ತಿತ್ತು," ಎಂದ ಇವತ್ತು ಒಬ್ಬ.

"ನಿಮಗೆ ಇನ್ನೂ ನಾಲ್ಕು ಜನ ಸಾಯ್ಬೇಕಿತ್ತೇನೋ," ಎಂದು ಅವನ ಹೆಂಡತಿ ತಿವಿದಳು. ತಿವಿದವಳೇ ಸಾಲಿನ ಮುಂದೆ ಕೂತು, ತಲೆ ಓರೆ ಮಾಡಿ, ಫೋನನ್ನು ಗಂಡನ ಕೈಗಿತ್ತಳು. ಅವಳ ಭುಜದ ಹಿಂದೆ ಎದ್ದು ಕಾಣುತ್ತಿದ್ದುದು ನೀಲಿ ಪಟ್ಟಿಯ ಜೋಡಿ.

ಅದು ಸತ್ತವರದಲ್ಲ, ಮೈಕಮ್ಮನ ತಾಯಿಯದು.

ಆಗ ತಾಯಿಯೂ ಅಲ್ಲೇ ಹೊಲಿಯುತ್ತಿದ್ದಳು. ಕೂಸಿನ ಮೈ ಕಾದ ಹಂಚಾಗಿದೆ ಎಂದು ಪಕ್ಕದ ಮನೆಯವರು ಹೇಳಿ ಕಳಿಸಿದಾಗ, ಎದ್ದೆನೋ ಬಿದ್ದೆನೋ ಎಂದು ಓಡಿದವಳು ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿದ್ದಳು. ಅದು ಪಕ್ಕದ ಯಂತ್ರದಲ್ಲಿ ಕೂರುತ್ತಿದ್ದ ಗೆಳತಿಯದು. ಕಂದು ಬಣ್ಣ, ಪಕ್ಕದಲ್ಲಿ ಬಕಲ್. ಮನೆ ಮುಟ್ಟಿ ಕೂಸಿನ ಹಣೆಗೆ ಒದ್ದೆ ಬಟ್ಟೆ ಹಾಕುವಷ್ಟರಲ್ಲಿ ಕಿಟಕಿಯಾಚೆ ಹೊಗೆ ಎದ್ದಿತ್ತು. ಆ ಕೂಸೇ ಮೈಕಮ್ಮ.

ಗೆಳತಿ ಹೊರಗೆ ಬರಲಿಲ್ಲ. ಯಾವ ದೇಹ ಯಾರದೆಂದು ಗುರುತೂ ಹತ್ತಲಿಲ್ಲ. ಚಪ್ಪಲಿಯನ್ನು ಎಸೆಯಲೂ ಆಗದೆ, ಕೊಡಲೂ ಆಗದೆ ತಾಯಿ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದಳು. ಮಗಳಿಗೆ ಈ ಕೆಲಸ ಸಿಕ್ಕಿದಾಗ ಒಂದೇ ಒಂದು ಸಲ ಬಾಯಿಬಿಟ್ಟು, "ಇನ್ನು ಇದರ ಮಾತು ಬೇಡ," ಎಂದು ಮುಗಿಸಿದ್ದಳು.

ಬಕಲ್ ಅಜ್ಜಿ ಆ ಗೆಳತಿಯ ತಾಯಿ. ಬಂದಾಗಲೆಲ್ಲ ಸಾಲಿನ ಉದ್ದಕ್ಕೂ ಬಗ್ಗಿ ಬಗ್ಗಿ ಹುಡುಕುತ್ತಿದ್ದರು. ಸಿಗಲಿಲ್ಲವೆಂದು ಖಾತ್ರಿಯಾದೊಡನೆ ಮುಖ ಅರಳುತ್ತಿತ್ತು.

ಊಟದ ಹೊತ್ತಿಗೆ ಅಜ್ಜಿ ಬಂದೇಬಂದರು, ಗೋಡೆ ತಡವುತ್ತಾ.

"ಒಬ್ಬರೇ ಬಂದ್ರಾ ಅಜ್ಜಿ? ಕಣ್ಣಿನ ಆಪರೇಷನ್ ಆಗ್ಲಿಲ್ವಾ?"

"ಆಸ್ಪತ್ರೇಲಿ ಒಂದು ರಾತ್ರಿ ಉಳೀಬೇಕಂತೆ. ಆ ರಾತ್ರೀನೇ ಅವಳು ಬಂದು ಬಾಗಿಲು ತಟ್ಟಿದ್ರೆ? ಮೊದಲೇ ಮುಂಗೋಪಿ. ಬಂದ ದಾರೀಲೇ ತಿರುಗಿ ಹೋಗ್ತಾಳೆ."

"ಇಷ್ಟು ವರ್ಷ ಆಯ್ತಲ್ಲ ಅಜ್ಜಿ..."

"ಚಪ್ಪಲಿ ಇಲ್ಲಾಂದ್ರೆ ಮೆಟ್ಕೊಂಡು ಹೋಗಿದ್ದಾಳೆ ಅಂತ ತಾನೇ? ಬರಿಗಾಲಲ್ಲಿ ಬೀದಿಗಿಳಿಯೋಳಲ್ಲ ಕಣೇ ಅವಳು, ಸೊಗಸುಗಾತಿ." ಅಜ್ಜಿ ಮೈಕಮ್ಮನ ಮೊಣಕೈ ಹಿಡಿದರು. "ನನಗೆ ಈಗ ಎಲ್ಲ ಮಬ್ಬು ಮಬ್ಬು. ನೀನೇ ನೋಡಿ ಹೇಳು ಮಗಳೇ. ಕಂದು ಬಣ್ಣ, ಪಕ್ಕದಲ್ಲಿ ಬಕಲ್."

ಇದುವರೆಗೆ ಅಜ್ಜಿ ತಾವೇ ನೋಡುತ್ತಿದ್ದರು, ಇವಳು ದೂರ ನಿಂತು ಉಗುರು ಕಚ್ಚುತ್ತಿದ್ದಳು. ನೋಡದೆಯೂ ಹೇಳಬಹುದಿತ್ತು. ಆದರೂ ಮೈಕಮ್ಮ ಈ ತುದಿಯಿಂದ ಆ ತುದಿಗೆ ನಡೆದು ಒಂದೊಂದನ್ನೂ ನೋಡಿದಳು. ನೀಲಿ ಪಟ್ಟಿಯ ಬಳಿ ಕಾಲು ಮುಂದಕ್ಕೆ ಹೋಗಲೊಲ್ಲದು.

"ಇಲ್ಲ ಅಜ್ಜಿ."

ಸುಳ್ಳೇನಲ್ಲ. ಆದರೆ ಅಜ್ಜಿಯ ನಗು ಕಂಡಾಗ ಇದಕ್ಕಿಂತ ಸುಳ್ಳೇ ವಾಸಿ ಅನ್ನಿಸಿತು.

"ನಿನ್ನ ಬಾಯಿಗೆ ಸಕ್ಕರೆ ಹಾಕ. ಹಾಗಾದ್ರೆ ಆಪರೇಷನ್ ಈಗ ಬೇಡ ಬಿಡು. ಬಂದ್ಮೇಲೆ ಅವಳೇ ಕರ್ಕೊಂಡು ಹೋಗ್ತಾಳೆ."

ಅಜ್ಜಿ ಮೆಟ್ಟಿಲನ್ನು ಕಾಲಿನಿಂದ ಹುಡುಕಿದರು, ಸಿಗಲಿಲ್ಲ. ಮುಗ್ಗರಿಸಿದವರನ್ನು ಕಾವಲಿನವನು ಓಡಿಬಂದು ಹಿಡಿದುಕೊಂಡ. "ಏನಾಗಿಲ್ಲ ಬಿಡಪ್ಪಾ," ಎಂದು ನಗುತ್ತಲೇ ಹೋದರು.

ಮೈಕಮ್ಮ ಮೈಕು ಆರಿಸಿದಳು. ತಾಯಿಗೆ ಫೋನು ಹಚ್ಚಿದಳು.

"ಮಗೂಗೆ ಜ್ವರ ಬಿಡ್ತೇನೇ?" ಎಂದಳು ತಾಯಿ, ಯಾವಾಗಲೂ ಮೊದಲು ಕೇಳುವುದು ಅದನ್ನೇ.

"ಬಿಟ್ಟಿದೆಯಮ್ಮ. ಅಟ್ಟದ ಮೇಲಿನ ಚೀಲ ಇಳಿಸಮ್ಮ."

ಆ ಕಡೆ ನಲ್ಲಿಯ ನೀರು ಬೀಳುತ್ತಿದ್ದ ಸದ್ದು ನಿಂತಿತು.

"ಅವಳ ಅಮ್ಮಂಗೆ ಕೊಟ್ಟು ಏನಂತ ಹೇಳ್ತೀಯೆ? ನಿಮ್ಮ ಮಗಳು ಇನ್ನು ಬರಲ್ಲ ಅಂತಲಾ?"

"ಗೊತ್ತಿಲ್ಲಮ್ಮ."

"ನನ್ನ ಚಪ್ಪಲಿ ಅಲ್ಲೇ ಇರ್ಲಿ ಬಿಡೇ. ಅವಳದರ ಬದಲಿಗೆ ಅದಿದೆ ಅಂದ್ಕೋ."

"ಅಜ್ಜಿ ಬಿದ್ದೇಬಿಡ್ತಿದ್ರಮ್ಮ ಇವತ್ತು. ಕಣ್ಣೇ ಕಾಣಲ್ಲ ಅವರಿಗೆ." ಮೈಕಮ್ಮ ಕತ್ತಿನ ಮೈಕು ತೆಗೆದಿಟ್ಟಳು. "ಏನು ಹೇಳ್ಬೇಕೋ ನಂಗೂ ಗೊತ್ತಿಲ್ಲ. ನೀನು ಮೊದಲು ಇಳಿಸು."